ಕಸ್ತೂರೆವ್ವನ ಮನೆಗೆ ಬಾರದ ಕೋಣೆ

ಇದು ಶುರುವಾದದ್ದು ಮಾವಿನಹಣ್ಣಿನ ಕಾಲ ಮುಗಿದು, ಮಳೆ ಇನ್ನೂ ಮುಖ ತೋರಿಸದೆ, ಗಾಳಿಗೆ ಅಂಗಳದ ಕೆಂಪು ಧೂಳೆಲ್ಲ ಒಳಗೆ ಬಂದು ಬೀಳುತ್ತಿದ್ದ ದಿನಗಳಲ್ಲಿ. ಹೊತ್ತು ಇಳಿಮಧ್ಯಾಹ್ನ. ಕಸ್ತೂರೆವ್ವ ಊರಿಗೆ ಮಾರುವ ಅವತ್ತಿನ ರೊಟ್ಟಿ ಬಡಿಯುವುದು ಮುಗಿಸಿ ಹಂಚು ಇಳಿಸಿದ್ದಳು, ಒಲೆಯಲ್ಲಿ ಇನ್ನೂ ಕೆಂಡವಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಮುರಿದ ರೊಟ್ಟಿಗಳನ್ನು ಬೇರೆ ಮಾಡುತ್ತಿದ್ದೆ. ಅವಳ ಮಗಳು ಮಹಾನಂದಾ ಶಾಲೆಯ ಕಡೆಯಿಂದ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಹೊರಗೇ ನಿಂತು, ತಾನು ಪಾಸಾದೆನೆಂದೂ ಊರಿಗೇ ಮೊದಲು ಬಂದಿದ್ದೇನೆಂದೂ ಹೇಳಿದಳು. ಕಸ್ತೂರೆವ್ವ ನಗಲಿಲ್ಲ, ಅಳಲಿಲ್ಲ. ಕೈಗೆ ಹತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಎದ್ದು ಮನೆಯ ಹಿಂಭಾಗಕ್ಕೆ ಹೋಗಿ ಗೋಡೆ ನೋಡಿ ಬಂದಳು. ಹೊಸ ಬಾಗಿಲು ಬಂದಿರಲಿಲ್ಲ.

ನಮ್ಮೂರಿನಲ್ಲಿ ಒಂದು ಮನೆಗೆ ಏನು ಇಲ್ಲವೋ ಅದರ ಹೆಸರಿನಲ್ಲಿ ಒಂದು ಕೋಣೆ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಗೋಡೆಯಲ್ಲಿ ಒಂದು ಬಾಗಿಲು, ಅದರಾಚೆ ನಾಲ್ಕು ಗೋಡೆ, ಬರಿ ನೆಲ. ಎತ್ತು ಸತ್ತರೆ ಎತ್ತಿನ ಕೋಣೆ. ಮಗ ಮುನಿಸಿಕೊಂಡು ಹೋದರೆ ಮಗನ ಕೋಣೆ. ಹಲ್ಲುದುರಿದ ಮುದುಕನೊಬ್ಬನಿಗೆ ಕಬ್ಬಿನ ಕೋಣೆ ಬಂದದ್ದೂ ಉಂಟು. ಎತ್ತು ತಂದ ದಿನ ಬಾಗಿಲು ಹೋಗಿ ಗೋಡೆ ಮೊದಲಿನಂತೆ ನಿಲ್ಲುತ್ತದೆ. ಹೀಗಾಗಿ ನಮ್ಮಲ್ಲಿ ಬಡವರ ಮನೆಗಳು ಉದ್ದುದ್ದ, ಒಂದರ ಹಿಂದೆ ಒಂದು ಕೋಣೆ ಸೇರುತ್ತ ಹಿತ್ತಲು ದಾಟಿ ಹೊಲದವರೆಗೆ ಹೋಗಿರುತ್ತವೆ. ಇದ್ದವರ ಮನೆಗಳು ಸಣ್ಣವು. ಸಾವ್ಕಾರ ಅಂದಾನಪ್ಪನವರ ಮನೆ ಕರಗಿ ಕರಗಿ ಒಂದೇ ಕೋಣೆಗೆ ಬಂದು ನಿಂತಿತ್ತು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬೆಳ್ಳಿ ಸಾಮಾನು, ಕಾಳಿನ ಚೀಲ ಎಲ್ಲ ಅದರಲ್ಲೇ. ಮಲಗಿದರೆ ಒಬ್ಬರ ಕಾಲು ಇನ್ನೊಬ್ಬರ ಎದೆಯ ಮೇಲೆ. ಹೆಣ್ಣು ಕೊಡುವವರು ಬಂದಾಗ ಅವರು ಹೊರಗೆ ನಿಂತೇ ಮಾತಾಡಬೇಕಾಗುತ್ತಿತ್ತು, ಒಳಗೆ ನಿಲ್ಲಲು ಜಾಗವಿಲ್ಲ ಎಂದೇ ಹೆಣ್ಣು ಕೊಟ್ಟು ಹೋಗುತ್ತಿದ್ದರು.

ಬಂದ ಕೋಣೆಯನ್ನು ದಿನಾ ಗುಡಿಸಬೇಕು, ವಾರಕ್ಕೊಮ್ಮೆ ಸಾರಿಸಬೇಕು. ಬಿಟ್ಟರೆ ಅದರೊಳಗಿನ ಕೊರತೆ ಹೊರಗೆ ಬಂದು ಉಣ್ಣುವ ಹೊತ್ತಿಗೆ ತಾಟಿನ ಪಕ್ಕ ಕೂರುತ್ತದೆ, ತುತ್ತು ಇಳಿಯುವುದಿಲ್ಲ. ಕಸ್ತೂರೆವ್ವನ ಗಂಡ ಬಾವಿ ತೋಡುವ ಕೆಲಸಕ್ಕೆಂದು ಎಲ್ಲೋ ಹೋದವನು ತಿರುಗಿ ಬರಲಿಲ್ಲ. ಅವನ ಹೆಸರಿನದೊಂದು ಕೋಣೆ, ಸತ್ತ ಎಮ್ಮೆಯದೊಂದು, ಸೋರದ ಮಾಡಿನದೊಂದು, ಮಾತು ಬಿಟ್ಟ ಅಕ್ಕನದೊಂದು, ಹೀಗೆ ಅವಳ ಮನೆ ಹಿಂದಕ್ಕೆ ಹಿಂದಕ್ಕೆ ಹೋಗಿತ್ತು. ಕೋಳಿ ಕೂಗುವ ಮೊದಲೇ ಎದ್ದು ಅಷ್ಟನ್ನೂ ಗುಡಿಸಿಯೇ ಅವಳು ಹಿಟ್ಟು ನಾದಲು ಕೂರುತ್ತಿದ್ದಳು. ಅವಳ ನಡು ಬಾಗಿದ್ದು ರೊಟ್ಟಿ ಬಡಿದು ಅಂತ ಊರವರು ತಿಳಿದಿದ್ದರು. ಕಸಬರಿಗೆಯಿಂದ ಬಾಗಿದ್ದು ಅದು.

ನನ್ನ ಹೆಸರು ಬಾಳವ್ವ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಓದಲು ಬರುವುದಿಲ್ಲ. ನನಗೆ ಊರವರು ಕೊಟ್ಟ ಕೆಲಸ ಕೂರುವುದು. ಹೊಸ ಕೋಣೆ ಬಂದರೆ ಅದು ಏತರದೆಂದು ಮನೆಯವರಿಗೂ ಎಷ್ಟೋ ಸಲ ತಿಳಿಯುವುದಿಲ್ಲ. ಆಗ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಕದ ಮುಂದೆ ಮಾಡಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಬಿಸಿಲು ಏರಿ ಇಳಿಯುವುದರೊಳಗೆ ಆ ಕೋಣೆಗೆ ಏನು ಬೇಕೋ ಅದು ನನಗೂ ಬೇಕೆನಿಸಲು ಶುರುವಾಗುತ್ತದೆ. ಒಬ್ಬ ರೈತ ತನ್ನ ಕೋಣೆ ಎತ್ತಿನದೆಂದು ಹೇಳಿ ಕೂರಿಸಿದ್ದ. ನನಗೆ ನೋಡಿದರೆ ಮೂಗಿನ ಮೇಲೆ ಏನೋ ಇರಬೇಕು, ಏನೋ ಇಲ್ಲ ಅನಿಸತೊಡಗಿತು. ಅವನಿಗೆ ಬೇಕಾಗಿದ್ದದ್ದು ಚಾಳೀಸು. ಕಣ್ಣು ಕಾಣದೆ ಎತ್ತನ್ನು ತಗ್ಗಿಗೆ ಹೊಡೆದು ಕೊಂದವನೇ ಅವನು. ಈ ಕೆಲಸಕ್ಕೆ ನನ್ನನ್ನೇ ಆರಿಸಿದ್ದು ಯಾಕೆಂದರೆ, ಕೈಯಲ್ಲಿ ಕಾಸಿಲ್ಲದಿದ್ದರೂ ನನ್ನ ಮನೆ ಯಾವತ್ತೂ ಒಂದೇ ಕೋಣೆಯದು. ತನ್ನ ಬೇಕುಗಳಿದ್ದವಳು ಕೂತರೆ ಯಾರದು ಯಾವುದೆಂದು ಕಲಸಿಹೋಗುತ್ತದೆ. ನನಗೆ ಏನೂ ಬೇಕಾಗಿರಲಿಲ್ಲ, ಅದು ಹೆಗ್ಗಳಿಕೆಯೋ ಮೊದ್ದುತನವೋ ನಾನರಿಯೆ.

ಊರಿನಲ್ಲಿ ವಿದ್ಯಾನಿಧಿ ಎಂದೊಂದಿದೆ. ಹಿಂದೆ ಒಬ್ಬ ಹೆಣ್ಣುಮಗಳು ಎಲ್ಲ ಕೋಣೆ ಮುಗಿದ ಮೇಲೂ ಉಳಿದ ತನ್ನ ಆಸ್ತಿಯನ್ನು ಇಟ್ಟು ಹೋದದ್ದು. ಹುಣಸೆಮರದ ಕಟ್ಟೆಯ ಕಲ್ಲಿನಲ್ಲಿ ಅದರ ಮಾತು ಕೆತ್ತಿದೆ. ಓದು ಬೇಕೆಂದು ಯಾವ ಮನೆಗೆ ಕೋಣೆ ಬಂದಿದೆಯೋ ಆ ಮನೆಯ ಮಕ್ಕಳ ಕಾಲೇಜಿನ ಖರ್ಚನ್ನೆಲ್ಲ ನಿಧಿ ನೋಡಿಕೊಳ್ಳಬೇಕು, ಜಾಣರಿಗೆ ಎಂದಲ್ಲ, ಬೇಕಾದವರಿಗೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಿರ್ಣಯ. ಹಿರಿತನ ಅಂದಾನಪ್ಪನವರದು, ಬರೆದಿಡುವುದು ಗುರುಪಾದ ಮಾಸ್ತರರದು, ಕೋಣೆಯಲ್ಲಿ ಕೂತು ಹೌದು ಅಲ್ಲ ಹೇಳುವುದು ನನ್ನದು. ಈ ನಿಧಿ ಸಿಗದಿದ್ದರೆ ಮಹಾನಂದಾ ಅವ್ವನ ಪಕ್ಕ ಕೂತು ರೊಟ್ಟಿ ಬಡಿಯಬೇಕು, ಬೇರೆ ದಾರಿಯಿರಲಿಲ್ಲ.

ಒಂದು ವಾರ ಕಳೆಯಿತು, ಎರಡು ಕಳೆಯಿತು, ಕಸ್ತೂರೆವ್ವನ ಗೋಡೆ ಗೋಡೆಯಾಗಿಯೇ ಇತ್ತು. ಓಣಿಯವರು ದಿನಾ ಕೇಳುತ್ತಿದ್ದರು. ಕೆಲವರು ಹುಡುಗಿಗೆ ಆಸೆಯೇ ಇಲ್ಲ ಎಂದರು. ಕೆಲವರು ಕಸ್ತೂರೆವ್ವ ಕಳಿಸುವ ಮನಸ್ಸಿನವಳಲ್ಲ, ಮಗಳು ಹೋದರೆ ಹಿಟ್ಟು ನಾದುವವರು ಯಾರು ಎಂದರು. ಹಳೆಯ ಕೋಣೆಗಳಲ್ಲೇ ಯಾವುದಾದರೂ ಒಂದಕ್ಕೆ ತಪ್ಪು ಹೆಸರಿಟ್ಟಿರಬಹುದೆಂದು ಕಸ್ತೂರೆವ್ವ ನನ್ನನ್ನು ಕರೆದಳು. ಒಂದೊಂದರಲ್ಲೂ ಕೂತೆ. ಗಂಡನ ಕೋಣೆಯಲ್ಲಿ ಬಾಗಿಲ ಸಪ್ಪಳಕ್ಕೆ ಕಿವಿ ನಿಮಿರಿತು. ಎಮ್ಮೆಯದರಲ್ಲಿ ಬೆರಳು ಹಾಲು ಹಿಂಡುವಂತೆ ತಾವಾಗಿ ಮಡಚಿ ಬಿಚ್ಚಿದವು. ಅಕ್ಕನ ಕೋಣೆಯಲ್ಲಿ ಯಾರನ್ನೋ ಬೈದು ಆಮೇಲೆ ಅವರ ಕೈಯಲ್ಲೇ ತಲೆ ಹಿಕ್ಕಿಸಿ ಜಡೆ ಹಾಕಿಸಿಕೊಳ್ಳಬೇಕೆನಿಸಿತು. ಎಲ್ಲ ಸರಿಯಾಗಿಯೇ ಇದ್ದವು. ಕಾಲೇಜಿನದು ಮಾತ್ರ ಇಲ್ಲ.

ನಾನು ಹೊರಗೆ ಬಂದು ತಲೆ ಅಲ್ಲಾಡಿಸಿದಾಗ ಕಸ್ತೂರೆವ್ವ ಕಂಬಕ್ಕೆ ಒರಗಿ ಕೂತಳು. "ಬ್ಯಾಡಾದ ಕೋಣಿ ಎಲ್ಲಾ ಕರೀದ ಬಂದು ಕುಂತಾವ. ಇದೊಂದು ಬರವಲ್ದು ನೋಡ ದೊಡ್ಡವ್ವಾ. ನನ್ನ ಮನಸಿನ್ಯಾಗ ಏನರ ಕೊಳೆ ಐತೇನು" ಎಂದಳು. ನಾನು ಕೂತದ್ದು ಅವಳ ಕೋಣೆಗಳಲ್ಲಿ, ಅವಳ ಮನಸ್ಸಿನಲ್ಲಿ ಕೂತಿರಲಿಲ್ಲವಲ್ಲ. ಅವಳ ಮಾತಿನಲ್ಲಿ ಮಾತ್ರ ಸುಳ್ಳು ಕಾಣಲಿಲ್ಲ. ಬೇಕು ಅಂತ ಅವಳಿಗಿತ್ತು. ಹಾಗಿದ್ದರೂ ಕೋಣೆ ಬರಲಿಲ್ಲವೆಂದರೆ ಅದು ನನ್ನ ಇಷ್ಟು ವಯಸ್ಸಿನಲ್ಲಿ ಕಂಡದ್ದಲ್ಲ.

ಮಹಾನಂದಾ ಈ ಗದ್ದಲದಲ್ಲಿ ಇದ್ದೂ ಇಲ್ಲದವಳಂತೆ ಇದ್ದಳು. ಆ ಹುಡುಗಿಗೆ ಸಣ್ಣಂದಿನಿಂದ ಒಂದು ಚಟ, ಕಲ್ಲು ನೆಕ್ಕುವುದು. ದಾರಿಯಲ್ಲಿ ಹೋಗುವಾಗ ಒಂದು ಕಲ್ಲು ಎತ್ತಿ, ಲಂಗಕ್ಕೆ ಒರೆಸಿ, ನಾಲಿಗೆ ತಾಗಿಸಿ ನೋಡುವಳು. ಒಣಗಿದ ಕಲ್ಲು ಎಲ್ಲ ಒಂದೇ ಬಣ್ಣ, ಒದ್ದೆಯಾದರೆ ಅದು ತನ್ನ ಬಣ್ಣ ಬಿಟ್ಟುಕೊಡುತ್ತದೆ ಎನ್ನುವಳು. ಸಂಜೆಗೆ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಅವತ್ತಿನ ಕಲ್ಲುಗಳನ್ನು ಹರಡಿಕೊಂಡು, ಇದು ಬೆಂಕಿಯಿಂದ ಬಂದದ್ದು, ಇದು ನೀರಿನ ಕೆಳಗೆ ಕೂತು ಕೂತು ಗಟ್ಟಿಯಾದದ್ದು, ನಮ್ಮ ಊರು ಹಿಂದೆ ಒಂದು ಕಾಲಕ್ಕೆ ಸಮುದ್ರದ ತಳದಲ್ಲಿತ್ತು ಎಂದೆಲ್ಲ ಹೇಳುವಳು. ಕಲ್ಲಿನ ವಿದ್ಯೆಯನ್ನೇ ಕಲಿಸುವ ಕಾಲೇಜು ಇದೆಯಂತೆ, ಬಸ್ಸಿನಲ್ಲಿ ಒಂದು ದಿನದ ದಾರಿ. ಅಲ್ಲಿಗೆ ಹೋದರೆ ಏನೇನು ನೋಡಬಹುದು ಎಂದು ಹೇಳುವಾಗ ಅವಳ ಮೈಯೇ ಮಾತಾಡುತ್ತಿತ್ತು. ನನಗೆ ಅದರಲ್ಲಿ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಹೂಂ ಹೂಂ ಅನ್ನುತ್ತ ಹತ್ತಿ ಬಿಡಿಸುತ್ತ ಕೂರುತ್ತಿದ್ದೆ.

ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಜೋಳದ ಗಡಿಗೆ ತೆಗೆಯಲು ಹೋದೆ. ಗಡಿಗೆಯ ಹಿಂದೆ ಗೋಡೆ ಇರಲಿಲ್ಲ. ಬಾಗಿಲಿತ್ತು.

ಎಪ್ಪತ್ತು ದಾಟಿದವಳಿಗೆ ಇದೇನು ಬಂತು ಎಂದುಕೊಂಡೆ. ಮೊದಲು ಅದರ ಮುಂದೆ ಗೋಣಿತಟ್ಟು ತೂಗುಹಾಕಿದೆ. ಯಾರಾದರೂ ನೋಡಿದರೆ ಬಾಳವ್ವನಿಗೂ ಬೇಕು ಬಂತು ಅನ್ನುತ್ತಾರಲ್ಲ ಎಂದು ನಾಚಿಕೆ. ಆಮೇಲೆ ಕದ ಹಾಕಿಕೊಂಡು ಒಳಗೆ ಹೋಗಿ ಕೂತೆ. ನನ್ನ ಕೊರತೆ ಯಾವುದೆಂದು ನನಗೇ ಗೊತ್ತಾಗಲಿ ಎಂದು. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ಅಂಗಳಕ್ಕೆ ಬಂದಮೇಲೆ ಬಾಯಲ್ಲಿ ನೀರೂರತೊಡಗಿತು. ಉಪ್ಪಿನಕಾಯಿ ಅಂದುಕೊಂಡೆ, ಅಲ್ಲ. ಬೆಲ್ಲ ಅಂದುಕೊಂಡೆ, ಅಲ್ಲ. ನಾಲಿಗೆ ತಣ್ಣಗಿನ, ಗಟ್ಟಿಯಾದ, ಮಣ್ಣಿನ ವಾಸನೆಯ ಏನನ್ನೋ ಹುಡುಕುತ್ತಿತ್ತು. ತಿರುಗಿ ಗೋಡೆಯ ಬುಡದ ಕಲ್ಲಿಗೆ ನಾಲಿಗೆ ತಾಗಿಸಿದೆ. ಅದೇ ಅದು.

ಕೋಣೆ ಮಹಾನಂದಾಳದ್ದು. ನನ್ನ ಮನೆಗೆ ಬಂದಿತ್ತು. ದನ ಬೇರೆಯವರ ಕೊಟ್ಟಿಗೆಗೆ ಹೋಗಬಹುದು, ಕೋಳಿ ಹೋಗಬಹುದು. ಕೋಣೆ ಹೀಗೆ ಮನೆ ತಪ್ಪಿ ಬಂದದ್ದನ್ನು ನಾನು ಕೇಳಿರಲಿಲ್ಲ.

ಅಂದಾನಪ್ಪನವರ ಹತ್ತಿರ ಹೋಗಿ ಹೇಳಿದೆ. ಅವರು ಮಾಸ್ತರರನ್ನು ಕರೆಸಿದರು. ಮಾಸ್ತರರು ನಾನು ಹೇಳಿದ್ದನ್ನೆಲ್ಲ ಕೇಳಿ ಕಣ್ಣು ಮುಚ್ಚಿಕೊಂಡರು. ಅವರು ಲೆಕ್ಕದ ಮನುಷ್ಯ, ಒಂದು ಮಾತಿನಿಂದ ಇನ್ನೊಂದು ಮಾತಿಗೆ ಮೆಟ್ಟಿಲಿಲ್ಲದೆ ಇಳಿಯುವವರಲ್ಲ. ಕೂರುವವಳಿಗೆ ಸ್ವಂತ ಕೋಣೆ ಇರಬಾರದು, ಇದು ನೇಮ. ಬಾಳವ್ವನಿಗೆ ಈಗ ಕೋಣೆಯಿದೆ. ಹಾಗಾದರೆ ಬಾಳವ್ವ ಕೂರುವವಳಲ್ಲ. ಕೂರುವವಳಲ್ಲದವಳು ಆ ಕೋಣೆ ಮಹಾನಂದಾಳದ್ದೆಂದರೆ ಅದು ಮಾತಲ್ಲ. ಅದು ಮಹಾನಂದಾಳದ್ದಾಗಿದ್ದರೆ ಬಾಳವ್ವನಿಗೆ ಸ್ವಂತ ಕೋಣೆಯಿಲ್ಲ, ಆಗ ಅವಳ ಮಾತು ನಡೆಯುತ್ತದೆ. ಅದು ಮಹಾನಂದಾಳದ್ದೆಂದು ತಿಳಿಯಬೇಕಾದರೆ ಮೊದಲು ಅವಳ ಮಾತು ನಡೆಯಬೇಕು. ಇಷ್ಟು ಹೇಳಿ ಮಾಸ್ತರರು ನೀರು ಕೇಳಿದರು. ಅಂದಾನಪ್ಪನವರು ನನ್ನನ್ನು ನೋಡಿದರು, ನಾನು ಮಾಸ್ತರರನ್ನು ನೋಡಿದೆ, ಮಾಸ್ತರರು ಹುಣಸೆಮರ ನೋಡಿದರು.

ಕೊನೆಗೆ ಅಂದಾನಪ್ಪನವರೇ, ಊರಿನಲ್ಲಿ ಒಂದೇ ಕೋಣೆಯಿರುವ ಇನ್ನೊಬ್ಬ ಮನುಷ್ಯ ನಾನು, ನಾನೇ ಕೂತು ನೋಡುತ್ತೇನೆ ಎಂದರು. ನನ್ನ ಮನೆಗೆ ಬಂದು, ರೇಶಿಮೆ ರುಮಾಲು ತೆಗೆದು ನನ್ನ ಕೈಗೆ ಕೊಟ್ಟು ಆ ಕೋಣೆಯೊಳಗೆ ಹೋದರು. ಮಾಸ್ತರರೂ ನಾನೂ ಹೊರಗೆ ಕಾದೆವು. ಓಣಿಯವರು ಕೂಡಿದರು. ಏನೂ ಬೇಕಾಗದ ಮನುಷ್ಯನಿಗೆ ಏನು ತಿಳಿದೀತು, ನಿದ್ದೆ ಮಾಡುತ್ತಿರಬೇಕು ಎಂದು ಯಾರೋ ನಕ್ಕರು. ಬಹಳ ಹೊತ್ತಾದ ಮೇಲೆ ಕದ ತೆರೆಯಿತು. ಅಂದಾನಪ್ಪನವರು ಯಾರ ಮುಖವನ್ನೂ ನೋಡದೆ ನೇರವಾಗಿ ಅಂಗಳಕ್ಕೆ ಇಳಿದು, ಕುಕ್ಕರುಗಾಲಲ್ಲಿ ಕೂತು, ಮಳೆಗೆ ತೊಳೆದಿದ್ದ ಒಂದು ಹರಳುಕಲ್ಲು ಎತ್ತಿ ಧೋತರಕ್ಕೆ ಒರೆಸಿ ನೆಕ್ಕಿದರು. ಒಂದು ಸಾಲದೆ ಇನ್ನೊಂದು ಎತ್ತಿದರು. ಅವರ ಮೊಮ್ಮಗ ಅಜ್ಜನಿಗೆ ಏನಾಯಿತೆಂದು ಅಳತೊಡಗಿದ.

"ಬರಕೋರಿ ಮಾಸ್ತರ್ರ. ಇದು ಕಲ್ಲಿನ ಕಾಲೇಜಿಂದು" ಎಂದರು ಅಂದಾನಪ್ಪನವರು. ಆಮೇಲೆ ಸ್ವಲ್ಪ ತಡೆದು, "ಏನರ ಬೇಕು ಅನ್ನಸಿದ್ರ ಹಿಂಗ ಆಕ್ಕೈತೇನು ಬಾಳವ್ವಾ. ಮಂದಿ ಇದನ್ನ ದಿನಾ ತಡಕೊಂತಾರಾ" ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಾನು ಹೌದೆಂದೆ. ಆ ವಾರ ಅವರ ಮನೆಗೆ ಒಂದು ಗೂಡಿನಷ್ಟು ಜಾಗ ಬಂತಂತೆ, ಸೊಸೆಯಂದಿರು ಅದರಲ್ಲಿ ಕಾಲು ಚಾಚಲು ಸರದಿ ಹಾಕಿಕೊಂಡರಂತೆ.

ಕೋಣೆ ಏತರದೆಂದು ತಿಳಿಯಿತು, ಗೋಜಲು ಇನ್ನಷ್ಟು ಬಿಗಿಯಾಯಿತು. ಹುಣಸೆಮರದ ಕಟ್ಟೆಯ ಕಲ್ಲಿನ ಮೇಲೆ ಬರೆದದ್ದು ಕೋಣೆ ಬಂದ ಮನೆಯ ಮಕ್ಕಳಿಗೆ ಎಂದು. ಕೋಣೆ ಬಂದದ್ದು ನನ್ನ ಮನೆಗೆ. ನನಗೆ ಮಕ್ಕಳಿಲ್ಲ. ಹಾಗಾದರೆ ಆ ಮನೆಯಲ್ಲಿ ಇರುವವಳೇ ಹೋಗಬೇಕು ಎಂದು ಮಾಸ್ತರರು ಹೇಳಿದ್ದನ್ನು ಯಾರೋ ಊರೆಲ್ಲ ಹರಡಿದರು. ಬಾವಿಕಟ್ಟೆಯಲ್ಲಿ ಹೆಂಗಸರು ನನಗೆ ದಾರಿ ಬಿಟ್ಟು ನಿಂತು, ಬಾಳವ್ವಾ, ಎರಡು ಜಡೆ ಹಾಕಿಕೊಂಡು ಹೋಗುತ್ತೀಯೋ ಒಂದೋ ಎಂದು ಕೇಳಿದರು. ಗೌಡರ ಮನೆಯ ಆಳು ತನ್ನ ಹಳೆಯ ಪಾಟಿ ಬಳಪ ತಂದು ಕಟ್ಟೆಯ ಮೇಲೆ ಇಟ್ಟು ಹೋದ. ಎದುರಿಗೆ ನಾನೂ ನಗುತ್ತಿದ್ದೆ. ಅಮಾವಾಸ್ಯೆ ಹತ್ತಿರ ಬಂದಿತ್ತು. ನನ್ನಿಂದಲೇ ಆ ಹುಡುಗಿಯ ದಾರಿ ಅಡ್ಡವಾಯಿತೋ, ನನ್ನಿಂದಲೇ ತೆರೆಯಿತೋ ತಿಳಿಯದು.

ಒಂದು ಸಂಜೆ ಮಹಾನಂದಾ ಎಂದಿನಂತೆ ಬಂದಾಗ ಕೇಳಿಯೇ ಬಿಟ್ಟೆ. ನಿನ್ನ ಕೋಣೆ ನಿನ್ನ ಮನೆಗೆ ಯಾಕೆ ಬರಲಿಲ್ಲ, ನನಗೆ ಸುಳ್ಳು ಹೇಳಬೇಡ ಎಂದೆ. ಅವಳು ಕಾಲಬೆರಳಿನಿಂದ ನೆಲ ಕೆರೆದಳು.

"ಅವ್ವ ದಿನಾ ಎಷ್ಟ ಕೋಣಿ ಗುಡಸ್ತಾಳ ನೀವ ನೋಡೀರೆಲ್ಲಾ ಆಯಿ" ಎಂದಳು. "ನಾ ಮನ್ಯಾಗ ನಿಂತು ಏನರ ಬೇಕು ಅಂದ್ರ ಇನ್ನೊಂದ ಬರ್ತೈತಿ. ಸಣ್ಣಾಕಿದ್ದಾಗ ಒಮ್ಮೆ ಗೆಜ್ಜಿ ಬೇಕು ಅಂದಿದ್ದೆ. ಆ ಕೋಣಿ ಆಕಿ ಮೂರು ವರ್ಷ ಗುಡಿಸಿದ್ಲು. ಅವತ್ತಿಂದ ಹೊಸ್ತಲಾ ದಾಟೂಮುಂದ ಎಲ್ಲಾ ಹೊರಗ ಬಿಟ್ಟ ಹೋಗ್ತೀನಿ, ಚಪ್ಲಿ ಬಿಟ್ಟಂಗ. ಒಳಗ ಹೋದಮ್ಯಾಗ ನನಗ ಖರೇನ ಏನೂ ಬ್ಯಾಡಾಗಿರತೈತಿ. ಇಲ್ಲಿ ಬಂದು ಕುಂತಮ್ಯಾಗ ಎಲ್ಲಾ ಬೇಕಾಕ್ಕೈತಿ."

ಪಾಸಾದ ದಿನ ಅವಳು ಹೊಸ್ತಿಲ ಹೊರಗೇ ನಿಂತು ಮಾತಾಡಿದ್ದು ನನಗೆ ನೆನಪಾಯಿತು. ತಲೆಯೆತ್ತಿ ನೋಡಿದರೆ ಅಂಗಳದಲ್ಲಿ ಕಸ್ತೂರೆವ್ವ ನಿಂತಿದ್ದಳು. ನನಗೆಂದು ತಂದ ರೊಟ್ಟಿಯ ಬುಟ್ಟಿ ತಲೆಯ ಮೇಲೆಯೇ ಇತ್ತು. ಎಷ್ಟು ಕೇಳಿದ್ದಳೋ, ಎಲ್ಲವನ್ನೂ ಕೇಳಿದ್ದಳೋ. ಬುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸಿ ಹೋದಳು. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಬಂದಳು. ಕೈಯಲ್ಲಿ ಅವಳ ಮನೆಯ ಕಸಬರಿಗೆ. ಸೀದಾ ನನ್ನ ಮನೆಯ ಒಳಗೆ ನಡೆದು, ಗೋಣಿತಟ್ಟು ಸರಿಸಿ, ಆ ಕೋಣೆಯನ್ನು ಮೂಲೆಯಿಂದ ಗುಡಿಸತೊಡಗಿದಳು. ನಾನು ಬೆಳಿಗ್ಗೆಯೇ ಗುಡಿಸಿದ್ದೇನೆ, ಬಿಡು ಎಂದೆ.

"ನನ್ನ ಮಗಳು ಬೇಕಂದ ಕೋಣಿ ಇದು. ನೀ ಯಾಕ ಗುಡಸ್ತಿ" ಎಂದಳು, ತಿರುಗಿ ನೋಡದೆ.

ಅಮಾವಾಸ್ಯೆಯ ದಿನ ಹುಣಸೆಮರದ ಕಟ್ಟೆಗೆ ಊರು ಸೇರಿತು. ಹುಡುಗರು ಮಾಡಿದ ಮಣ್ಣಿನ ಎತ್ತುಗಳು ಕಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು. ಮಾಸ್ತರರು ಒಂದು ದಾರಿ ಹುಡುಕಿಕೊಂಡು ಬಂದಿದ್ದರು. ಯಾರ ಒಲೆಯ ಅನ್ನ ಉಣ್ಣುತ್ತಾರೋ ಅವರು ಆ ಮನೆಯ ಮಕ್ಕಳು, ಇದು ಊರು ಒಪ್ಪಿಕೊಂಡು ಬಂದದ್ದು. ಮಹಾನಂದಾ ಇವತ್ತಿನಿಂದ ಬಾಳವ್ವನ ಒಲೆಯಲ್ಲಿ ಉಂಡರೆ ಬಾಳವ್ವನ ಮನೆಯ ಮಗಳಾಗುತ್ತಾಳೆ, ನಿಧಿ ಅವಳಿಗೆ ಸಲ್ಲುತ್ತದೆ. ಆದರೆ ಒಬ್ಬಳು ಎರಡು ಮನೆಯವಳಾಗಲು ಬರುವುದಿಲ್ಲ. ಅವಳ ತಾಯಿ ನಾಲ್ಕು ಜನರ ಮುಂದೆ ನಿಂತು, ಇವಳು ನನ್ನ ಮನೆಯ ಮಗಳಲ್ಲ ಎಂದು ಬಾಯಿಬಿಟ್ಟು ಹೇಳಬೇಕು.

ಕೂಡಿದವರಲ್ಲಿ ಗುಜುಗುಜು ಎದ್ದಿತು. ಮಹಾನಂದಾ ಮುಂದೆ ಬಂದು ತನಗೆ ಕಾಲೇಜು ಬೇಡ ಎಂದಳು. ಅಂದಾನಪ್ಪನವರು ಬೇಡ ಅಂದರೆ ಹೇಗಮ್ಮ, ನಾನೇ ಕೂತು ನೋಡಿದ್ದೇನೆ, ನನ್ನ ನಾಲಿಗೆಗೆ ಗೊತ್ತಿದೆ ಎಂದು ಅವಳನ್ನು ಹಿಂದೆ ಕಳಿಸಿದರು. ಕಸ್ತೂರೆವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಮಣ್ಣೆತ್ತು ಮಾಡಿದ ಒಬ್ಬ ಹುಡುಗ ತನ್ನ ಎತ್ತಿನ ಕೋಡು ಬಿತ್ತೆಂದು ಕೂಗಿದ.

"ಇಕಿ ನನ್ನ ಮನ್ಯಾಗ ಉಣ್ಣಂಗಿಲ್ಲ. ಬಾಳವ್ವನ ಮನ್ಯಾಗ ಉಣ್ತಾಳ" ಎಂದಳು.

ಅಷ್ಟು ಸಾಲದು ಎಂದರು ಮಾಸ್ತರರು, ಅವರಿಗೂ ಹಾಗೆನ್ನುವುದು ಇಷ್ಟವಿರಲಿಲ್ಲ.

ಕಸ್ತೂರೆವ್ವ ಮಾಸ್ತರರನ್ನು ನೋಡಿದಳು. "ನನ್ನ ಮನಿಯಾಕಿ ಅಲ್ಲ ಅನ್ನು ಅಂದ್ರ ಅಂತೀನಿ. ಅಂದೆ ಅಂತ ಬರಕೋರಿ. ನನ್ನ ಮಗಳಲ್ಲ ಅನ್ನು ಅಂದ್ರ ಮಾತ್ರ ಈ ಕಟ್ಟಿ ಮ್ಯಾಲ ನನ್ನ ಸುಟ್ಟರೂ ಅನ್ನಂಗಿಲ್ಲ." ಇಷ್ಟೇ ಹೇಳಿ ಕೂತಳು. ಮಾಸ್ತರರು ಬರೆದುಕೊಂಡರು. ಏನು ಬರೆದುಕೊಂಡರೋ, ನನಗೆ ಓದಲು ಬರುವುದಿಲ್ಲ.

ಆ ದಿನದಿಂದ ಮಹಾನಂದಾ ನನ್ನ ಮನೆಯಲ್ಲಿ ಉಂಡಳು. ನಾನು ಒಲೆ ಹಚ್ಚಿ ಪಲ್ಯ ಮಾಡಿದೆ. ಉಣ್ಣುವ ಹೊತ್ತಿಗೆ ಕಸ್ತೂರೆವ್ವ ಬುಟ್ಟಿ ಹೊತ್ತು ಅಂಗಳದಲ್ಲಿ ನಿಂತು, ರೊಟ್ಟಿ ಬೇಕೇನ್ರೀ ಎಂದು ಮಾರುವವಳ ಹಾಗೆ ಕೂಗಿದಳು. ಬೇಕು ಎಂದೆ. ಬಿಸಿ ರೊಟ್ಟಿ ಎಣಿಸದೆ ಇಟ್ಟು ಹೋದಳು. ಇದು ಮಾಸ್ತರರ ಕಿವಿಗೆ ಬಿತ್ತು. ಪಲ್ಯ ಬಾಳವ್ವನ ಒಲೆಯದು, ರೊಟ್ಟಿ ಕಸ್ತೂರೆವ್ವನ ಒಲೆಯದು, ಹಾಗಾದರೆ ಹುಡುಗಿ ಯಾವ ಮನೆಯವಳು ಎಂದು ಅವರು ಅಂದಾನಪ್ಪನವರ ಹತ್ತಿರ ಓಡಿದರು. ಅಂದಾನಪ್ಪನವರು ಆಗ ಬಾಗಿಲಲ್ಲೇ ಕೂತು ಉಣ್ಣುತ್ತಿದ್ದರಂತೆ. ತಮ್ಮ ತಾಟು ತೋರಿಸಿ, "ಈ ರೊಟ್ಟಿ ಯಾರದು ಮಾಸ್ತರ್ರ. ನಿಮ್ಮ ಮನ್ಯಾಗ ಮುಂಜಾನೆ ತಿಂದದ್ದು ಯಾರದು. ಊರಿಗೆ ಊರ ಕಸ್ತೂರೆವ್ವನ ಮಕ್ಕಳಾದ್ರ ನಿಧಿ ನಡಸೋರ ಯಾರು. ಸುಮ್ಮ ಕುಂದ್ರಿ, ಎರಡ ತಿನ್ರಿ" ಎಂದರಂತೆ. ಮಾಸ್ತರರು ಕೂರಲಿಲ್ಲ, ಕೂರಲು ಅಲ್ಲಿ ಜಾಗವೆಲ್ಲಿತ್ತು. ನಿಂತೇ ತಿಂದರಂತೆ.

ಹೊರಡುವ ದಿನ ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಹಾನಂದಾ ನನ್ನ ಕಾಲಿಗೆ ಬಿದ್ದು ಎದ್ದು, ತನ್ನ ಟ್ರಂಕು ಕಟ್ಟೆಯ ಮೇಲೆ ಬಿಟ್ಟು ಅವ್ವನ ಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಕಸ್ತೂರೆವ್ವ ಹಿಟ್ಟಿನ ಮುಂದೆ ಕೂತಿದ್ದಳು. ಹುಡುಗಿ ಹೊಸ್ತಿಲ ಹತ್ತಿರ ನಿಂತಳು. ಚಪ್ಪಲಿ ಬಿಡಲಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು, ನಡುಮನೆಯಲ್ಲಿ ನಿಂತು, "ಅವ್ವಾ, ನನಗೊಂದ ಚೀಲ ಬೇಕು, ಕಲ್ಲ ಹಾಕ್ಕೊಳ್ಳಾಕ" ಎಂದಳು.

ಆ ಮನೆಯೊಳಗೆ ನಿಂತು ಅವಳು ಬೇಕು ಎಂದದ್ದು ಗೆಜ್ಜೆಯ ನಂತರ ಅವತ್ತೇ. ಕಸ್ತೂರೆವ್ವನ ಕಣ್ಣು ಹಿಂದಿನ ಗೋಡೆಯ ಕಡೆ ಹೋಯಿತು, ನನ್ನದೂ ಹೋಯಿತು. ಗೋಡೆಯ ಮೇಲಿನ ಸುಣ್ಣ ಒಂದಿಷ್ಟು ಉದುರಿದ ಹಾಗೆ ಕಂಡಿತು. ಕಸ್ತೂರೆವ್ವ ತಡಮಾಡಲಿಲ್ಲ. ಜೋಳದ ಹಿಟ್ಟಿನ ಚೀಲವನ್ನು ಎತ್ತಿ, ಇದ್ದ ಹಿಟ್ಟನ್ನೆಲ್ಲ ಹರಿವಾಣಕ್ಕೆ ಸುರಿದು, ಅಂಗಳಕ್ಕೆ ಹೋಗಿ ಕೊಡವಿ, ತಂದು ಮಗಳ ಕೈಗಿಟ್ಟಳು. ಹಿಟ್ಟಿನ ಧೂಳು ಇಬ್ಬರ ತಲೆಯ ಮೇಲೂ ಬಿದ್ದಿತ್ತು. ಬಾಗಿಲಿಗೆ ಬರಲು ಸಮಯವೇ ಸಿಗಲಿಲ್ಲ, ಗೋಡೆ ಹಾಗೇ ಉಳಿಯಿತು.

"ಇನ್ನೇನರ ಬೇಕೇನು" ಎಂದು ಕೇಳಿದಳು ಕಸ್ತೂರೆವ್ವ. ಹುಡುಗಿ ಚೀಲವನ್ನು ಮಡಚಿ ಎದೆಗೆ ಹಿಡಿದುಕೊಂಡು, ಅಲ್ಲೇ ನಿಂತು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಅದನ್ನು ನಾನು ಕೇಳಲಿಲ್ಲ, ಬಸ್ಸು ಬಂತೇನೋ ನೋಡಲು ಹೊರಗೆ ಬಂದಿದ್ದೆ.

ಕೋಣೆಯ ಮಾತು ಹೇಳಬೇಕು. ಬೇಕಾದದ್ದು ಸಿಕ್ಕಮೇಲೆ ಅದು ಹೋಗಬೇಕಿತ್ತು. ಬಸ್ಸು ಹೋದಮೇಲೆ ಮನೆಗೆ ಬಂದು ಗೋಣಿತಟ್ಟು ಸರಿಸಿದರೆ ಬಾಗಿಲು ಇತ್ತು. ಒಳಗೆ ಕೂತೆ. ನಾಲಿಗೆಗೆ ಕಲ್ಲು ಬೇಕಾಗಲಿಲ್ಲ. ಬೇರೇನೋ ಬೇಕೆನಿಸಿತು, ಸಂಜೆ ಆಗಲಿ ಅನಿಸಿತು, ಕಟ್ಟೆಯ ಮೇಲೆ ಯಾರೋ ಕೂತ ಸಪ್ಪಳ ಆಗಲಿ ಅನಿಸಿತು. ಅದು ನನ್ನ ಬೇಕೋ, ಕಸ್ತೂರೆವ್ವನ ಬೇಕೋ ನನಗೆ ಬಿಡಿಸಲು ಬರಲಿಲ್ಲ. ಅವಳ ಮನೆಗೆ ಮಗಳ ಹೆಸರಿನ ಕೋಣೆ ಬರಲಿಲ್ಲ, ಬಂದದ್ದು ಇದೊಂದೇ. ಈಗ ಕೂರುವವರು ಅಂದಾನಪ್ಪನವರು. ಅವರನ್ನು ಕರೆಸಿ ಕೇಳಬಹುದಿತ್ತು, ನಾವು ಕರೆಸಿಲ್ಲ. ಬೆಳಿಗ್ಗೆ ಕಸ್ತೂರೆವ್ವ ತನ್ನ ಕಸಬರಿಗೆ ತರುತ್ತಾಳೆ, ನಾನು ನನ್ನದನ್ನು ತೆಗೆದುಕೊಳ್ಳುತ್ತೇನೆ. ಅವಳು ಆ ಮೂಲೆಯಿಂದ, ನಾನು ಈ ಮೂಲೆಯಿಂದ ಗುಡಿಸುತ್ತ ನಡುವೆ ಬಂದು ಸೇರುತ್ತೇವೆ. ಆಮೇಲೆ ಚಹಾ ಕುಡಿಯುತ್ತೇವೆ.

ಅವತ್ತು ಊರು ಬಿಟ್ಟು ಹೋದವಳು ಮಹಾನಂದಾ ಒಬ್ಬಳೇ, ಕೋಣೆ ನಮ್ಮಲ್ಲೇ ಉಳಿಯಿತು. ಅದು ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಬಂದ ಸೋಮವಾರ, ಎತ್ತುಗಳಿಗೆ ನೊಗ ಹಾಕದ ದಿನ.